ನಾಲ್ಕು ಕೆಜಿ ಮುನ್ನೂರು ಗ್ರಾಂ

ನನ್ನ ಮಗ ಹುಟ್ಟಿದ್ದು ಮಾರ್ಚ್ ಹನ್ನೊಂದು, ಮಂಗಳವಾರ. ತೂಕ ನಾಲ್ಕು ಕೆಜಿ ಮುನ್ನೂರು ಗ್ರಾಂ. ಹಿರೀಸಾವೆಯ ನಮ್ಮ ಬೀದಿಗೆಲ್ಲ ಅತ್ತೆ ಈ ತೂಕವನ್ನು ಹೇಳಿಕೊಂಡು ಬಂದರು. ಹೆರಿಗೆಯಲ್ಲಿ ಅವನ ಭುಜ ಸಿಕ್ಕಿಕೊಂಡು ಬಲಗೈಯ ನರಕ್ಕೆ ಪೆಟ್ಟಾದದ್ದನ್ನು ಮಾತ್ರ ಹೇಳಲಿಲ್ಲ. ಆ ಕೈ ಇವತ್ತಿಗೂ ಪೂರ್ತಿ ಮೇಲೇಳುವುದಿಲ್ಲ. ಪ್ರತಿ ಗುರುವಾರ ಅವನನ್ನು ಹಾಸನಕ್ಕೆ ಕರೆದೊಯ್ದು ಕೈಗೆ ವ್ಯಾಯಾಮ ಮಾಡಿಸಿಕೊಂಡು ಬರುತ್ತೇನೆ.

ನಾನು ಬಸುರಿಯಾಗಿದ್ದಾಗ ಗ್ಲೂಕೋಸ್ ಕುಡಿಸಿ ಸಕ್ಕರೆ ಪರೀಕ್ಷೆ ಮಾಡಿಸಲು ಡಾಕ್ಟರು ಬರೆದುಕೊಟ್ಟಿದ್ದರು. ಅತ್ತೆ ಕಳಿಸಲಿಲ್ಲ.

"ಸಕ್ರೆ ನೀರು ಕುಡ್ಯಕ್ಕೆ ಚನ್ರಾಯಪಟ್ಣಕ್ಕೆ ಯಾಕೋಗ್ಬೇಕು? ಪಾನಕ ನಾನೇ ಮಾಡ್ಕೊಡ್ತೀನಿ ಕಣಮ್ಮಿ."

ನಿಜಕ್ಕೂ ಮಾಡಿಕೊಟ್ಟರು. ಬೆಳಿಗ್ಗೆ ತುಪ್ಪ ಸುರಿದ ತಂಬಿಟ್ಟು, ಮಧ್ಯಾಹ್ನ ಕಜ್ಜಾಯ, ಸಂಜೆ ಖರ್ಜೂರ. ಸಾಕೆಂದರೆ, "ನಿಂಗಲ್ಲ, ಒಟ್ಟೇಲಿರೋದ್ಕೆ" ಎನ್ನುತ್ತಿದ್ದರು. ಹೆರಿಗೆಗೆ ಸೇರಿಸಿದಾಗ ನನ್ನ ಸಕ್ಕರೆ ಏರಿರುವುದು ಕಂಡಿತು. ಮೊದಲೇ ಗೊತ್ತಾಗಿದ್ದರೆ ಊಟ, ಔಷಧಿಯಲ್ಲಿ ಹಿಡಿತಕ್ಕೆ ತರಬಹುದಿತ್ತು, ಮಗು ಇಷ್ಟು ಬೆಳೆಯುತ್ತಿರಲಿಲ್ಲವೇನೋ ಎಂದು ಡಾಕ್ಟರು ಆಮೇಲೆ ನನಗೆ ಹೇಳಿದರು. ಅತ್ತೆ ಆಗ ಹೊರಗೆ ಪೇಡ ಹಂಚುತ್ತಿದ್ದರು.

ಈ ವರ್ಷ, ಅರಕಲಗೂಡಿಗೆ ಕೊಟ್ಟಿದ್ದ ನಾದಿನಿ ಏಳು ತಿಂಗಳ ಬಸುರಿಯಾಗಿ ಹೆರಿಗೆಗೆ ತವರಿಗೆ ಬಂದಳು. ಅದೇ ತಂಬಿಟ್ಟು ಶುರುವಾಯಿತು. ಒಂದು ವಾರ ನಾನು ಬಾಯಿ ಬಿಡಲಿಲ್ಲ. ಮಗಳಿಗೂ ಹೀಗೇ ಆಗುವುದನ್ನು ಅತ್ತೆ ನೋಡಲಿ ಎಂದುಕೊಂಡೆ. ದಿನಚರಿಯಲ್ಲೂ ಹಾಗೆಯೇ ಬರೆದಿದ್ದೇನೆ. ಒಂದು ಸಂಜೆ ನಾದಿನಿ ನನ್ನ ಮಗನ ಕೈ ನೀವುತ್ತ, "ಅತ್ಗೆ, ನಂದೂ ಇಂಗೇ ಆಗ್ಬುಟ್ರೆ?" ಎಂದಳು. ಹುಟ್ಟಬೇಕಾದ ಆ ಕೂಸು ನನಗೇನೂ ಮಾಡಿರಲಿಲ್ಲ. ಮರುದಿನವೇ ಅವಳನ್ನು ಪರೀಕ್ಷೆಗೆ ಹೊರಡಿಸಿದೆ. ಅತ್ತೆಯನ್ನು ಬೇಕೆಂದೇ ಜೊತೆಗೆ ಕರೆದೊಯ್ದೆ.

ನಾದಿನಿಯ ಸಕ್ಕರೆಯೂ ಏರಿತ್ತು. "ದಿನಾ ಏನೇನು ತಿಂತೀರಮ್ಮ?" ಎಂದು ಡಾಕ್ಟರು ಕೇಳಿದರು.

"ಅಡ್ಗೆ ನಮ್ಮತ್ತೇದು ಮೇಡಂ, ಅವ್ರೇ ಹೇಳ್ತಾರೆ," ಎಂದೆ.

"ವಸಿ ತುಪ್ಪ..." ಅತ್ತೆ ನೆಲ ನೋಡಿದರು.

"ವಸಿ ಅಲ್ಲ ಅತ್ತೆ. ಎಷ್ಟು ಸೌಟು ಅಂತ ಹೇಳಿ."

ಒಂದೊಂದಾಗಿ ಹೇಳಿಸಿದೆ. ಕೊನೆಗೆ, "ನಂಗೂ ಇದನ್ನೇ ಅಲ್ವಾ ಕೊಟ್ಟಿದ್ದು?" ಎಂದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನ ಕಂಕುಳಲ್ಲಿದ್ದ ಮಗುವನ್ನು ನೋಡಿದರು.

"ಊಂ ಕಣವ್ವ. ಇದ್ನೇಯ," ಎಂದರು ಅತ್ತೆ, ಮಗಳ ಎದುರೇ.

ಬಸ್ಸಿನಲ್ಲಿ ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಸಮಾಧಾನ ಹೇಳಲು ನನಗೆ ಮನಸ್ಸಾಗಲಿಲ್ಲ. ರಾತ್ರಿಗೆ ಯಾವ ಸೊಪ್ಪು ತರೋಣ ಎಂದು ನಾದಿನಿಯನ್ನು ಕೇಳಿದೆ.