ಕೊಳವೆಯ ಮೇಲಿನ ಕೊಡ

ಮೂವತ್ತರ ದಶಕದ ಮೊದಲಿಗೆ ನಾನು ಸೊಲ್ಲಾಪುರದಿಂದ ಎಣ್ಣೆಯ ಇಂಜಿನ್ ತಂದು ಅಕ್ಕಲಕೋಟದ ನಮ್ಮ ಮನೆಯ ಅಂಗಳದಲ್ಲೇ ಹಿಟ್ಟಿನ ಗಿರಣಿ ಹಾಕಿದೆ. ಹೊಲ ಅಣ್ಣ ನೋಡಿಕೊಳ್ಳುತ್ತಿದ್ದ. ನನಗೆ ಯಂತ್ರದ ಹುಚ್ಚು. ಗಿರಣಿ ನಡೆದಿದೆಯೆಂದು ಸುತ್ತಲಿನ ಹಳ್ಳಿಗಳಿಗೆ ತಿಳಿಯಲೆಂದು, ಎಲ್ಲ ಗಿರಣಿಯವರೂ ಮಾಡುವಂತೆ, ಹೊಗೆ ಕೊಳವೆಯ ತುದಿಗೆ ಒಂದು ಕೊಡ ಬೋರಲು ಕಟ್ಟಿದೆ. ತೂತು ಬಿದ್ದ ತಾಮ್ರದ ಕೊಡ, ಅವ್ವನದೇ. ಟುಕ್ ಟುಕ್ ಸದ್ದು ಹರದಾರಿ ದೂರ ಕೇಳತೊಡಗಿತು. ನಾನು ಹಿಗ್ಗಿ ಹೀರೇಕಾಯಿಯಾದೆ.

ಅವ್ವನಿಗೆ ಕಣ್ಣು ಹೋಗಿ ಆರು ವರ್ಷವಾಗಿತ್ತು. ಆದರೂ ಆಕೆಯನ್ನು ಕುರುಡಿ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಬಂದವರನ್ನು ಹೆಜ್ಜೆಯಿಂದಲೇ ಗುರುತಿಸಿ ಮಾತಾಡಿಸುತ್ತಿದ್ದಳು. ಎಮ್ಮೆ ಹಗ್ಗ ಬಿಚ್ಚಿಕೊಂಡರೆ, ಹಾಲು ಉಕ್ಕಿದರೆ, ಮೊದಲು ಗೊತ್ತಾಗುತ್ತಿದ್ದುದು ಆಕೆಗೆ. ಬಳೆಯ ಸದ್ದಿನಿಂದ ಸೊಸೆಯ ಸಿಟ್ಟು ಅಳೆಯುತ್ತಿದ್ದಳು. ನನ್ನ ಹೆಂಡತಿಗೆ ಅದೊಂದೇ ತಕರಾರು.

ಗಿರಣಿ ಶುರುವಾದ ಮೇಲೆ ಅವ್ವ ಸುಮ್ಮನಾದಳು. ಒಂದು ದಿನ, ಗೋಡೆ ಯಾವ ಕಡೆ ಎಂದು ತಿಳಿಯದೆ, ಅಂಗಳದ ನಡುವೆ ನಿಂತುಬಿಟ್ಟಿದ್ದಳು. ಹೋಗಿ ಕೈ ಹಿಡಿದೆ.

"ತಮ್ಮಾ, ಇಷ್ಟು ದಿನ ಕಣ್ಣ ಅಷ್ಟ ಹೋಗಿದ್ದವು. ಈಗ ಮನೀನ ಕಾಣವಲ್ದು," ಎಂದಳು.

ನಾಚಿಕೆಯಿಂದ ಭೂಮಿಗಿಳಿದುಹೋದೆ. ಇಂಜಿನ್ ಕಿತ್ತು ಹೊಲದಲ್ಲಿ ಹಾಕೋಣವೆಂದರೆ ಅಣ್ಣ ಒಪ್ಪಲಿಲ್ಲ. ಮರುದಿನ ಕೊಡವನ್ನಾದರೂ ಇಳಿಸಿದೆ. ಸದ್ದು ಅರ್ಧಕ್ಕಿಳಿಯಿತು, ಬಾಗಿಲಿಗೆ ಬಂದ ಮೊಮ್ಮಗಳನ್ನು ಅವ್ವ ಹೆಸರು ಹಿಡಿದು ಕರೆದಳು. ಆದರೆ ಹಳ್ಳಿಗಳಿಂದ ಗಿರಣಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ನಾಲ್ಕನೆಯ ದಿನ ಪೇಟೆಯಲ್ಲಿ ಸಿಕ್ಕ ಹಳ್ಳಿಯ ಹೆಂಗಸೊಬ್ಬಳು ರೇಗಿದಳು.

"ಅರ್ಧ ದಾರಿಗಿ ನಿಂತು ಕೇಳಿದಿವ್ರಿ. ಸಪ್ಪಳ ಇಲ್ಲ, ಗಿರಣಿ ಬಂದ್ ಬಿದ್ದದ ಅಂತ ಜ್ವಾಳ ಹೊತ್ತು ತಿರಗಿ ಹೋದಿವಿ. ಬೀಸೂ ಕಲ್ಲು ಕಿತ್ತಿಟ್ಟೀವಿ. ಮಕ್ಕಳು ರೊಟ್ಟಿ ಇಲ್ದ ಮಲಗ್ಯಾವ."

ಅದನ್ನು ಅವ್ವನಿಗೆ ಹೇಳಬಾರದಿತ್ತು. ಬಾಯಿ ತಡೆಯದೆ ಹೇಳಿದೆ.

"ಕೊಡ ಏರಸು. ಮಂದಿ ಉಣ್ಣಲಿ," ಎಂದಳು.

ಏರಿಸಿದೆ. ಬೇರೇನು ಮಾಡಬೇಕಿತ್ತೋ ನನಗೆ ಇಂದಿಗೂ ಹೊಳೆದಿಲ್ಲ. ಮಧ್ಯಾಹ್ನ ಗಿರಣಿ ನಡೆಯುತ್ತಿರುವಾಗಲೇ ನೀರು ಕುಡಿಯಲು ಪಡಸಾಲೆಗೆ ಬಂದು ಅವ್ವನ ಮುಂದೆ ನಿಂತೆ. ನನ್ನ ನೆರಳು ಮೈಮೇಲೆ ಬಿದ್ದು ಬಿಸಿಲು ತಗ್ಗಿದ್ದರಿಂದಲೋ ಏನೋ, ಮುಖವೆತ್ತಿದಳು.

"ಯಾರ್ರೀ?" ಎಂದಳು.

"ನಾನು ಅವ್ವಾ," ಎಂದೆ. ಇಂಜಿನ್ ಸದ್ದಿನಲ್ಲಿ ಅದು ಆಕೆಗೆ ಮುಟ್ಟಲಿಲ್ಲ. ಸೆರಗು ಸರಿಮಾಡಿಕೊಂಡು, ಪಕ್ಕದ ಚಾಪೆಯನ್ನು ಕೈಯಿಂದ ತಡವಿ ತೋರಿಸಿದಳು.

"ಕೂಡ್ರಿ. ನಮ್ಮ ಮಗ ಈಗ ಬರ್ತಾನ."