ಚೀಟಿ ಸಾಹೇಬರು

ನಮ್ಮ ಆಸ್ಪತ್ರೆ ಹೊಸ ಕಟ್ಟಡಕ್ಕೆ ಹೋಗಲು ಇನ್ನು ಹನ್ನೊಂದೇ ದಿನ. ಸಾಗಿಸುವ ಹೊಣೆಯೆಲ್ಲ ನಾವು ಚೀಟಿ ಸಾಹೇಬರೆಂದು ಕರೆಯುವ ಮ್ಯಾನೇಜರರ ತಲೆಯ ಮೇಲೆ. ಸಾಫ್ಟ್‌ವೇರಿನವರ ದಿನದಿನವೂ ಕೆಲಸದ ಲೆಕ್ಕ ಒಪ್ಪಿಸುವ ಅಜೈಲ್ ಪದ್ಧತಿಯನ್ನು ಅವರು ಮಂಚ, ಹಾಸಿಗೆ, ಆಕ್ಸಿಜನ್ ಸಿಲಿಂಡರುಗಳಿಗೆ ತಂದು ಗಂಟುಹಾಕಿದ್ದಾರೆ. ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಚೀಟಿ ಅಂಟಿಸುವ ಬೋರ್ಡಿನ ಮುಂದೆ ನಿಲ್ಲಬೇಕು. ಕೂತರೆ ಮಾತು ಬೆಳೆಯುತ್ತದೆಂದು ಕುರ್ಚಿಗಳನ್ನೇ ಹೊರಗೆ ಹಾಕಿಸಿದ್ದಾರೆ. ಆಮೇಲೆ ಅದೇ ಮೂರು ಪ್ರಶ್ನೆ: "ನಿನ್ನೆ ಏನ್ ಮುಗೀತು? ಇವತ್ತೇನು? ಅಡ್ಡಿ ಏನಿದೆ?" ಮಂಡಿನೋವಿನ ಹಿರಿಯ ನರ್ಸಮ್ಮ, "ಈ ನಿಲ್ಲೋದೇ ಅಡ್ಡಿ ಅಂತ ಬರ್ಕೊಳ್ಳಿ" ಎಂದರೆ ಅದನ್ನೂ ಹಳದಿ ಚೀಟಿಯಲ್ಲಿ ಬರೆದು ಅಂಟಿಸುತ್ತಾರೆ. ಮನೆಯಲ್ಲಿ ಹೆಂಡತಿಯನ್ನೂ ನಿಲ್ಲಿಸಿಯೇ ಮಾತಾಡಿಸುತ್ತಾರೆಂದು ಸುದ್ದಿ. ಯಾರಾದರೂ "ಏನಿಲ್ಲ ಸಾರ್" ಎಂದರೆ ಮಾತ್ರ ಅವರ ಮುಖ ಬಿಗಿಯುತ್ತದೆ. ಇವತ್ತು ಲಿಫ್ಟಿನವನು ಹಾಗೆಂದು ನೆಲ ನೋಡಿದ. ಸಾಹೇಬರು ಕದಲಲಿಲ್ಲ. "ಸಣ್ಣದಾದ್ರೂ ಹೇಳಪ್ಪ." ಅವನು ಬಾಯಿಬಿಟ್ಟ: "ಎರಡನೇ ಲಿಫ್ಟು ಒಂದೊಂದ್ಸಲ ಧಡಕ್ ಅಂತ ಜಾರುತ್ತೆ, ಸಾರ್. ಕೆಲಸ ನಿಲ್ಲುತ್ತಲ್ಲ ಅಂತ ಹೇಳ್ಲಿಲ್ಲ." ಸಾಹೇಬರು ಆ ಕ್ಷಣವೇ ಲಿಫ್ಟ್ ನಿಲ್ಲಿಸಿ, ಹೊಸ ಚೀಟಿಯನ್ನು ಬೋರ್ಡಿನ ಮೂಲೆಯಲ್ಲಿದ್ದ ಹಳೆಯದೊಂದರ ಪಕ್ಕ ಅಂಟಿಸಿದರು. ಹಿಂದೆ ಬೇರೆಡೆ ಕಟ್ಟಡ ಕಟ್ಟಿಸುತ್ತಿದ್ದ ಕಾಲದಿಂದ ಅವರ ಜೊತೆ ಬಂದಿರುವ, ಬಣ್ಣ ಮಾಸಿದ ಆ ಚೀಟಿಯನ್ನು ನಾನು ಹತ್ತಿರದಿಂದ ಓದಿದ್ದು ಇವತ್ತೇ. ಅವರದೇ ಅಕ್ಷರ: "ಕ್ರೇನಿನ ಕೊಕ್ಕೆ ಸಡಿಲ. ತಿಂಗಳ ಕೊನೆಯ ಮೀಟಿಂಗಿನಲ್ಲಿ ನೋಡೋಣ." ಕೆಳಗೆ ಬೇರೆ ಶಾಯಿಯಲ್ಲಿ ಒಬ್ಬ ಕೆಲಸಗಾರನ ಹೆಸರು, ಅವನು ತೀರಿಕೊಂಡ ದಿನ: ಅದೇ ತಿಂಗಳ ಹನ್ನೆರಡು.