ಚಿತ್ರದಲ್ಲಿ ಇಲ್ಲದ ಕೂಗು

ದೆವ್ವದ ಸಿನಿಮಾ ಎಂದರೆ ನನಗೆ ಪ್ರಾಣ. ದೆವ್ವದಲ್ಲಿ ಮಾತ್ರ ನಂಬಿಕೆ ಇರಲಿಲ್ಲ. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ ಎದುರಿಗೇ ನಕ್ಕುಬಿಡುತ್ತಿದ್ದೆ. ಈಗ ನಗುವುದಿಲ್ಲ. ನಂಬಿಕೆ ಬಂತು ಎಂದಲ್ಲ, ನಗುವ ಯೋಗ್ಯತೆ ಹೋಯಿತು.

ಕೆಲವು ವರ್ಷಗಳ ಹಿಂದೆ, ನ್ಯಾಮತಿಯ ನನ್ನ ಡಿಟಿಪಿ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಒಂದು ಬ್ಲಾಗ್ ಶುರು ಮಾಡಿದೆ. ಥಿಯೇಟರಿನಲ್ಲಿ ವಾರವೂ ನಿಲ್ಲದೆ, ಆಮೇಲೆ ನನ್ನಂಥ ನಾಲ್ಕು ಜನ ಹುಚ್ಚರು ಹುಡುಕಿಕೊಂಡು ನೋಡುವ ಹಾರರ್ ಚಿತ್ರಗಳ ಬಗ್ಗೆ ಬರೆಯುವ ಆಸೆ. ಮೊದಲ ಬರಹಕ್ಕೆ ಹೊನ್ನಾಳಿ ಸಂತೆಯಲ್ಲಿ ಸಿಕ್ಕ ಹಳೆಯ ಸಿ.ಡಿ.ಯೊಂದನ್ನು ಆರಿಸಿಕೊಂಡೆ. ನಮ್ಮ ಕಡೆಯೇ ತೆಗೆದ ಚಿತ್ರ. ಕೊನೆಯಲ್ಲಿ ಬಿಳಿ ಸೀರೆಯ ದೆವ್ವ ನಾಲೆಯ ಏರಿ ಮೇಲೆ ನಿಂತು ಚೀರುತ್ತದೆ. ಆ ಚೀರಾಟದ ನಡುವೆ 'ಮಂಜಾ' ಎಂದು ಕೇಳಿಸಿತು. ಹಿಂದೆ ಸರಿಸಿ ಮತ್ತೆ ಕೇಳಿದೆ. ಮಂಜಾ, ಸ್ಪಷ್ಟವಾಗಿ. ಕಥೆಯಲ್ಲಿ ಆ ಹೆಸರಿನವರು ಯಾರೂ ಇಲ್ಲ. 'ದೆವ್ವಕ್ಕೆ ಬಾಯಾರಿ ಚಹಾ ತರುವವನನ್ನು ಕರೆದಿರಬೇಕು' ಎಂದು ಬರೆದೆ. ಆ ಸಾಲನ್ನೇ ಜನ ವಾಟ್ಸಾಪಿನಲ್ಲಿ ಹಂಚಿಕೊಂಡು ನಕ್ಕರು. ನಾನು ಹಿಗ್ಗಿಹೋದೆ.

ಒಂದು ದಿನ ಬ್ಲಾಗಿನಲ್ಲಿದ್ದ ನನ್ನ ನಂಬರಿಗೆ ತ್ಯಾವಣಿಗೆಯಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. "ಮೇಡಂ, ಆ ದೆವ್ವದ ಪಾರ್ಟ್ ಮಾಡಿದ್ದು ನಮ್ಮತ್ತೆ. ನಿಮ್ಮನ್ನ ನೋಡಬೇಕು ಅಂತ ಹಠ ಹಿಡಿದಾರೆ. ಒಂದ್ಸಲ ಬರ್ರಿ."

ಬೈಯುತ್ತಾರೆ ಎಂದುಕೊಂಡೇ ಲ್ಯಾಪ್‌ಟಾಪಿನಲ್ಲಿ ಚಿತ್ರ ತುಂಬಿಸಿಕೊಂಡು ಬಸ್ಸು ಹತ್ತಿದೆ. ಪಾರ್ವತಮ್ಮ ಬೈಯಲಿಲ್ಲ. ಹಿಂದೆ ನಾಟಕ ಕಂಪನಿಯಲ್ಲಿದ್ದವರು. ವಯಸ್ಸಾದರೂ ಕೂತ ಭಂಗಿ ನೆಟ್ಟಗಿತ್ತು. ಸೊಸೆ ತಂದಿಟ್ಟ ಚಹಾ ಕುಡಿಯಲು ನನಗೆ ಮನಸ್ಸಾಗಲಿಲ್ಲ.

"ನಾನು ಅವತ್ತು ಚೀರಿಲ್ಲಮ್ಮ," ಎಂದರು. "ಬರೀ ಬಾಯಿ ತೆಗಿ, ದನಿ ಆಮೇಲೆ ಬೇರೆಯವರದು ಸೇರಿಸ್ತೀವಿ ಅಂದಿದ್ರು. ಮಂಜ ನನ್ ತಮ್ಮ. ಶೂಟಿಂಗ್ ನೋಡಾಕೆ ಬಂದಿದ್ದ. ಆಚೆ ದಡದಾಗೆ ನೀರಿಗೆ ಇಳಿಯಾದು ಕಾಣ್ತಿತ್ತು. ಕೂಗಬೇಕು ಅನ್ನಿಸ್ತು. ಅಲ್ಲಾಡಬ್ಯಾಡ ಅಂದಿದ್ರಲ್ಲ, ಸುಮ್ಮನೆ ನಿಂತೆ. ಅವನು ಮ್ಯಾಲಕ್ಕೆ ಬರಲೇ ಇಲ್ಲ."

ಆ ಚಿತ್ರವನ್ನು ಅವರು ಈವರೆಗೆ ನೋಡಿಯೇ ಇರಲಿಲ್ಲವಂತೆ.

"ಕರೀಲಿಲ್ಲ ಅಂತ ಇಷ್ಟು ವರ್ಷ ಬೆಂದೆ. ನೀನು ನೋಡಿದ್ರೆ ಕರದಾಳೆ ಅಂತ ಬರದೀಯ. ಅದೊಂದು ಕೇಳಿಸಮ್ಮ."

ಲ್ಯಾಪ್‌ಟಾಪ್ ತೆರೆದೆ. ಆ ದೃಶ್ಯಕ್ಕೆ ಸರಿಸಿ ದನಿ ಜೋರು ಮಾಡಿದೆ. ಅವರು ಬಗ್ಗಿ ಕಿವಿ ಹತ್ತಿರ ತಂದರು. ಚೀರಾಟ ಬಂತು. ಯಾರದೋ ತೆಳು ದನಿಯ ಬರೀ ಚೀರಾಟ. ಹೆಸರಿಲ್ಲ. ಮತ್ತೆ ಹಾಕಿದೆ. ಸೊಸೆಯೂ ಬಂದು ಕೇಳಿದಳು. ಇಲ್ಲ. ಬ್ಲಾಗ್ ಓದಿ ನಕ್ಕ ಗೆಳತಿಯರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವರಲ್ಲಿ ಒಬ್ಬಳೂ ಚಿತ್ರ ನೋಡಿರಲಿಲ್ಲ. ನಾನು ಬರೆದದ್ದನ್ನು ಓದಿ ನಕ್ಕಿದ್ದರು, ಅಷ್ಟೆ.

"ಸುಳ್ಳು ಬರದ್ಯಾ ತಾಯಿ?" ಎಂದು ಪಾರ್ವತಮ್ಮ ಮೆಲ್ಲಗೆ ಕೇಳಿದರು.

"ಇಲ್ಲಮ್ಮ. ಕೇಳಿಸಿತ್ತು."

ಅವರು ಲ್ಯಾಪ್‌ಟಾಪನ್ನು ನನ್ನ ಕಡೆಗೆ ಸರಿಸಿ, "ನಿನಗಾದ್ರೂ ಕೇಳಿಸ್ತಲ್ಲ, ಬಿಡು," ಎಂದರು. ಅದಕ್ಕಿಂತ ಎರಡು ಏಟು ಹೊಡೆದಿದ್ದರೆ ಚೆನ್ನಾಗಿತ್ತು.

ಅವತ್ತೇ ಬರಹ ಅಳಿಸಿದೆ. ಬ್ಲಾಗ್ ಅಲ್ಲಿಗೇ ನಿಂತಿತು. ತ್ಯಾವಣಿಗೆಯನ್ನು ಅಲ್ಲಿಯವರೆಗೆ ನಾನು ಕಂಡವಳಲ್ಲ, ಆ ಮನೆಯವರ ಸುದ್ದಿ ಯಾರೂ ನನಗೆ ಹೇಳಿರಲಿಲ್ಲ. ತಪ್ಪಾಗಿ ಕೇಳಿಸಿಕೊಂಡೆ ಎನ್ನೋಣವೆಂದರೆ, ಲೋಕದ ಅಷ್ಟೊಂದು ಹೆಸರುಗಳಲ್ಲಿ ಅದೊಂದೇ ಏಕೆ ಕೇಳಿಸಬೇಕಿತ್ತು? ಕೇಳಿದವಳು ಅದನ್ನು ನಗೆಯಾಟ ಏಕೆ ಮಾಡಬೇಕಿತ್ತು?

ಪಾರ್ವತಮ್ಮ ಈಗಲೂ ಸೊಸೆಯ ಫೋನಿನಿಂದ ಆಗಾಗ ಮಾತಾಡುತ್ತಾರೆ. ಊಟ, ಮಳೆ, ಮೊಣಕಾಲು ನೋವು ಎಲ್ಲ ಮುಗಿದ ಮೇಲೆ ತಡೆದು ತಡೆದು ಕೇಳುತ್ತಾರೆ: "ಆ ಪಿಚ್ಚರ್ ಮತ್ತೆ ಹಾಕಿ ನೋಡಿದ್ಯೇನಮ್ಮ?"

"ಇಲ್ಲಮ್ಮ, ಬಿಡುವಾಗಲಿಲ್ಲ" ಎನ್ನುತ್ತೇನೆ. ನೋಡಿದ್ದೇನೆ, ಲೆಕ್ಕವಿಲ್ಲದಷ್ಟು ಸಲ. ಪ್ರತಿ ಸಲವೂ ಬರೀ ಚೀರಾಟ.